ಕಿರುಮನೆಯ ಗರಡಿ

ಕಾಯವನ್ನು ಹೇಯವೆಂದು ಬಗೆದ ಸಾಧನಾಮಾರ್ಗಗಳು ನಮ್ಮ ನಾಡಿನಲ್ಲಿ ಹಲವಿದ್ದವು. ಹನ್ನೆರಡನೆಯ ಶತಮಾನದ ಶರಣರು ಆ ದಾರಿಯನ್ನು ಹಿಡಿಯಲಿಲ್ಲ. ಈ ದೇಹವು ದೇವರ ನೆಲೆಯೆಂದೂ, ಅರ್ಪಿಸಿ ಪಡೆದುದನ್ನು ಉಂಡು ಬಾಳುವವನ ಕಾಯವು ಪ್ರಸಾದಕಾಯವಾಗುವುದೆಂದೂ ಅವರು ತಿಳಿದರು. ಇಷ್ಟಲಿಂಗವನ್ನು ಹಿಡಿಯಲು ನಡುಗದ ಕರಸ್ಥಲ ಬೇಕು. ಪೂಜೆಗೆ ಕುಳಿತುಕೊಳ್ಳಲು ಬಾಗುವ ಮೊಣಕಾಲು ಬೇಕು. ದಾಸೋಹಕ್ಕೆ ದುಡಿಯುವ ರಟ್ಟೆ ಬೇಕು. ಕಾಯಕವೆಂಬ ಶಬ್ದದೊಳಗೇ ಕಾಯವು ಅಡಗಿದೆ.

ಕಾಡಿನಿಂದ ಕಟ್ಟಿಗೆಯ ಹೊರೆಯನ್ನು ಹೊತ್ತು ತಂದು ಮಾರಿದ ಮೋಳಿಗೆಯ ಮಾರಯ್ಯನವರಿಗೂ, ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನವರಿಗೂ, ಹುಟ್ಟು ಹಾಕಿ ದೋಣಿ ನಡೆಸಿದ ಅಂಬಿಗರ ಚೌಡಯ್ಯನವರಿಗೂ ಪ್ರತ್ಯೇಕವಾದ ವ್ಯಾಯಾಮವು ಬೇಕಾಗಿರಲಿಲ್ಲ. ನಮ್ಮ ಅಜ್ಜಿಯರಿಗೂ ಬೇಕಾಗಿರಲಿಲ್ಲ. ಬೀಸುವುದು, ಕುಟ್ಟುವುದು, ಬಾವಿಯಿಂದ ನೀರು ಸೇದುವುದು, ತುಂಬಿದ ಕೊಡ ಹೊರುವುದು, ಇವುಗಳಲ್ಲಿಯೇ ಅವರ ಸಾಮು ಮುಗಿಯುತ್ತಿತ್ತು. ಇಂದು ಬೀಸುವುದನ್ನು ಗಿರಣಿಯೂ, ರುಬ್ಬುವುದನ್ನು ಮಿಕ್ಸಿಯೂ, ಮೆಟ್ಟಿಲೇರುವುದನ್ನು ಲಿಫ್ಟೂ ವಹಿಸಿಕೊಂಡಿವೆ. ಇದರಲ್ಲಿ ತಪ್ಪೇನೂ ಇಲ್ಲ. ಹೆಣ್ಣುಮಕ್ಕಳ ಬೆನ್ನಿನ ಭಾರವಿಳಿದುದು ಸಂತೋಷದ ಸಂಗತಿಯೇ. ಆದರೆ ಕೆಲಸದೊಡನೆ ಬಲವೂ ಹೊರಟುಹೋದಾಗ ಅದನ್ನು ಬೇರೊಂದು ದಾರಿಯಿಂದ ತಂದುಕೊಳ್ಳಬೇಕಾಗುತ್ತದೆ. ಆ ದಾರಿಯನ್ನು ನಮ್ಮ ಚಿಕ್ಕ ಮನೆಗಳಲ್ಲಿ ಹೇಗೆ ಮಾಡಿಕೊಳ್ಳಬಹುದೆಂಬುದೇ ಈ ಲೇಖನದ ವಿಷಯ.

ಒಂದು ಮನೆ, ಎರಡು ಯಂತ್ರ

ಕಳೆದ ವರ್ಷ ಪ್ರವಚನದ ನಿಮಿತ್ತ ಬೆಂಗಳೂರಿಗೆ ಹೋದಾಗ ನನ್ನ ಅಕ್ಕನ ಮಗನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಎರಡು ಮಲಗುವ ಕೋಣೆಗಳ ಫ್ಲ್ಯಾಟು, ವಾಸಿಸುವವರು ಐವರು. ಅಕ್ಕನೂ ಮೊಮ್ಮಗಳೂ ಮಲಗುವ ಕೋಣೆಯ ಅರ್ಧವನ್ನು ಆಳೆತ್ತರದ ಮಲ್ಟಿಜಿಮ್ ಯಂತ್ರವೊಂದು ತುಂಬಿಕೊಂಡಿತ್ತು. ಕಿಟಕಿಯ ಮಗ್ಗುಲಲ್ಲಿ ಟ್ರೆಡ್‌ಮಿಲ್. ಒಂದರ ಹಿಡಿಕೆಗಳ ಮೇಲೆ ಒಗೆದ ಟವೆಲುಗಳು ಒಣಗುತ್ತಿದ್ದವು; ಇನ್ನೊಂದರ ಮೇಲೆ ಹುಡುಗಿಯ ಶಾಲೆಯ ಚೀಲವೂ ಇಸ್ತ್ರಿಗೆ ಕೊಡಬೇಕಾದ ಬಟ್ಟೆಯ ಗಂಟೂ ಕುಳಿತಿದ್ದವು.

ಅಕ್ಕನಿಗೆ ಎಪ್ಪತ್ತನಾಲ್ಕು ವರ್ಷ. ಜೀವಮಾನವೆಲ್ಲ ನೆಲದ ಮೇಲೆ ಮಣೆ ಹಾಕಿಕೊಂಡು ಲಿಂಗಪೂಜೆ ಮಾಡಿದವಳು. ಈಗ ಊಟದ ಮೇಜಿನ ಮೂಲೆಯಲ್ಲಿ ಕುರ್ಚಿಯ ಮೇಲೆ ಕುಳಿತು, ತಟ್ಟೆ ಲೋಟಗಳ ನಡುವೆ, ಪೂಜೆ ಪೂರೈಸುತ್ತಿದ್ದಳು. ಕಾರಣ ಕೇಳಿದೆ.

“ಕ್ವಾಣ್ಯಾಗ ಮಣಿ ಹಾಕಾಕ ಜಾಗಾ ಎಲ್ಲೈತಿ, ತಮ್ಮಾ? ಇದ್ರೂ ಏನ್ ಮಾಡ್ಲಿ? ನೆಲದಾಗ ಕುಂತ್ರ ಏಳಾಕ ಆಗವಲ್ದು. ಒಂದಿನ ಮನ್ಯಾಗ ಯಾರೂ ಇರಲಿಲ್ಲ. ಕುಂತಾಕಿ ಸೊಸಿ ಬರೂತನಕ ಹಂಗ ಕುಂತಬಿಟ್ಟೆ” ಎಂದಳು. ನಗುತ್ತಲೇ ಹೇಳಿದಳು. ಆದರೆ ಆ ನಗೆಯ ಹಿಂದಿದ್ದ ಅಂಜಿಕೆ ನನಗೆ ಕಾಣದಿರಲಿಲ್ಲ.

ಅದೇ ರಾತ್ರಿ ಅಳಿಯ ನನ್ನೆದುರು ಒಂದು ಬಣ್ಣದ ಪತ್ರಿಕೆಯನ್ನು ಹಿಡಿದು, “ಮಾವಾ, ಈ ಮಲ್ಟಿಜಿಮ್ ಹಳೇದಾತು. ತಗೊಂಡು ಮೂರು ವರ್ಷ, ಮಾಡಿದ್ದು ಎರಡ ತಿಂಗಳ. ಇದನ್ನ ತಗದು ಇದಕ್ಕಿಂತ ದೊಡ್ಡದು, ಚಲೋದು ತರಬೇಕಂತ ಮಾಡೇನಿ” ಎಂದನು.

ಮನೆಯಲ್ಲಿ ಕಬ್ಬಿಣವು ಮಣಗಟ್ಟಲೆ ಇತ್ತು. ಆದರೆ ಆ ಮನೆಯಲ್ಲಿ ಬಲವು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವರಿಗೆ ಅದರಿಂದ ಆದುದು ಜಾಗದ ನಷ್ಟವೊಂದೇ. ಉತ್ತಮಪಡಿಸುವುದೆಂದರೆ ಹಿಗ್ಗಿಸುವುದೆಂದು ಹುಡುಗನು ತಿಳಿದಿದ್ದನು. ಇದು ಅವನೊಬ್ಬನ ತಪ್ಪಲ್ಲ. ಅನೇಕ ಮನೆಗಳ ತಪ್ಪು.

ಬಲವೇಕೆ ಬೇಕು?

ಮೂವತ್ತು ವರ್ಷ ದಾಟಿದ ಮೇಲೆ, ದುಡಿಸದೆ ಬಿಟ್ಟ ಸ್ನಾಯುವು ದಶಕಕ್ಕೆ ಶೇಕಡಾ 3ರಿಂದ 8ರಷ್ಟು ಕರಗುತ್ತ ಹೋಗುವುದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಅರವತ್ತರ ನಂತರ ಈ ಕ್ಷಯವು ಇನ್ನೂ ಬೇಗ. ಕುರ್ಚಿಯಿಂದ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಎಡವಿದಾಗ ಬೀಳದೆ ನಿಲ್ಲುವುದು, ಎಲ್ಲವೂ ಇದರ ಮೇಲೆ ನಿಂತಿವೆ. ಊಟದ ಅನಂತರ ರಕ್ತದಲ್ಲಿ ಸೇರುವ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದೂ ಸ್ನಾಯುವೇ. ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿದ ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ತಿಳಿಸಿತು. ನಮ್ಮ ಮನೆಗಳೂ ಈ ಲೆಕ್ಕದಿಂದ ಹೊರಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂತಹ ವ್ಯಾಯಾಮವನ್ನೂ, ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಮಾಡತಕ್ಕದ್ದು. ಅರವತ್ತೈದು ಮೀರಿದವರು ವಾರಕ್ಕೆ ಮೂರು ದಿನ ಬಲದೊಡನೆ ಸಮತೋಲನವನ್ನೂ ಸಾಧಿಸಬೇಕು. ನಡಿಗೆಗೆ ಬೀದಿಯಿದೆ, ಉದ್ಯಾನವಿದೆ, ಹಣ ಕೊಡಬೇಕಾಗಿಲ್ಲ. ಮನೆಯಲ್ಲಿ ಸಾಮಾನು ಬೇಕಾಗುವುದು ಎರಡನೆಯದಕ್ಕೆ. ನಾವು ಮಾಡುವುದು ಇದರ ತಿರುಗುಮುರುಗು: ನಡೆಯಲು ಯಂತ್ರವನ್ನು ಕೊಳ್ಳುತ್ತೇವೆ, ಬಲವನ್ನು ಮರೆಯುತ್ತೇವೆ.

“ವಯಸ್ಸಾಯಿತು, ಇನ್ನೇನು” ಎನ್ನುವವರಿಗಾಗಿ ಒಂದು ಸಂಗತಿಯನ್ನು ಹೇಳಬೇಕು. ಅಮೆರಿಕದ ಬಾಸ್ಟನ್ನಿನ ವೃದ್ಧಾಲಯವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ಕೃಶ ವೃದ್ಧರಿಗೆ ಎಂಟು ವಾರಗಳ ಕಾಲ ಕಾಲಿನ ಬಲದ ವ್ಯಾಯಾಮವನ್ನು ಕ್ರಮವಾಗಿ ಮಾಡಿಸಿದರು. ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲವು ಸರಾಸರಿ ಶೇಕಡಾ 174ರಷ್ಟು ಹೆಚ್ಚಿತೆಂದು 1990ರಲ್ಲಿ ವರದಿಯಾಯಿತು. ತೊಂಬತ್ತರಲ್ಲಿ ಆಗುವುದು ಎಪ್ಪತ್ತನಾಲ್ಕರಲ್ಲಿ ಆಗದೇ?

ಮಠದ ಗರಡಿ ಕಲಿಸಿದ ಪಾಠ

ನಾನು ಬಾಲ್ಯದಲ್ಲಿ ಮಠವೊಂದರ ಉಚಿತ ಪ್ರಸಾದನಿಲಯದಲ್ಲಿದ್ದು ಓದಿದವನು. ನಮಗಿದ್ದುದು ಒಂದೇ ಪಡಸಾಲೆ. ಬೆಳಗಿನ ಜಾವ ಅಲ್ಲಿಯೇ ಸಾಮೂಹಿಕ ಪೂಜೆ. ಹಗಲಿನಲ್ಲಿ ಸಂಸ್ಕೃತ ಪಾಠ. ಮಧ್ಯಾಹ್ನ ಪ್ರಸಾದದ ಪಂಕ್ತಿ. ಸಂಜೆ ದಂಡ, ಬಸ್ಕಿ. ರಾತ್ರಿ ಮಲಗುವುದೂ ಅಲ್ಲಿಯೇ. ಜಮಖಾನೆಯನ್ನು ಸುತ್ತಿಟ್ಟರೆ ಗರಡಿ, ಹಾಸಿದರೆ ಪಾಠಶಾಲೆ. ಸಾಮಾನು ಎಂದರೆ ಎರಡು ಜೊತೆ ಮರದ ಮುದ್ಗರ, ಹಿಡಿಯಿದ್ದ ಒಂದು ಕಲ್ಲು, ಒಂದು ಹಗ್ಗ. ಮೂಲೆಯ ಗೂಡಿನಲ್ಲಿ ಎಲ್ಲವೂ ಅಡಗುತ್ತಿತ್ತು. ನಲವತ್ತು ಹುಡುಗರು ಅಷ್ಟರಲ್ಲಿಯೇ ಗಟ್ಟಿಯಾದೆವು.

ಈ ಮಿತವ್ಯಯವು ಬಡತನದಿಂದ ಮಾತ್ರ ಬಂದುದಲ್ಲ. ನಮ್ಮ ವ್ಯಾಯಾಮ ಪರಂಪರೆಯ ಗುಣವೇ ಅದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ, ಶರಣರು ಅದೇ ಕಲ್ಯಾಣದಲ್ಲಿ ಕೂಡಿದುದು ಅದಾದ ಕೆಲವೇ ದಶಕಗಳ ನಂತರ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಜೋಳದ ಚೀಲ ಹೊರುವ ಪಂದ್ಯಗಳನ್ನು ನಮ್ಮ ಓದುಗರು ನೋಡಿಯೇ ಇದ್ದಾರೆ. ಒಂದೇ ಕಲ್ಲು, ಬಗ್ಗಿ ಎತ್ತಿದರೆ ಬೆನ್ನಿಗೆ, ಹೆಗಲಿಗೇರಿಸಿದರೆ ತೋಳಿಗೆ, ಹೊತ್ತು ನಡೆದರೆ ಕಾಲಿಗೆ. ಮಲ್ಲಕಂಬದಲ್ಲಿಯೂ ನೆಲದಲ್ಲಿ ನೆಟ್ಟ ಕಂಬವಲ್ಲದೆ ಹಗ್ಗದ ಮಲ್ಲಕಂಬವೆಂಬುದೊಂದು ಬಗೆಯಿದೆ. ಹೆಣ್ಣುಮಕ್ಕಳು ಹೆಚ್ಚಾಗಿ ಸಾಧಿಸುವುದು ಅದನ್ನೇ. ಕಂಬಕ್ಕೆ ಅಂಗಳ ಬೇಕು. ಹಗ್ಗವನ್ನು ಬಿಚ್ಚಿ ಸುತ್ತಿಟ್ಟರೆ ಮುಗಿಯಿತು.

ನಮ್ಮ ಮುದ್ಗರವನ್ನು ನೋಡಿ ಕಲಿತ ಬ್ರಿಟಿಷ್ ಸೈನಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ತಮ್ಮ ನಾಡಿಗೆ ಕೊಂಡೊಯ್ದರು. ಇಂಡಿಯನ್ ಕ್ಲಬ್ ಎಂಬ ಹೆಸರಿನಿಂದ ಅದು ಅಲ್ಲಿಯ ಮನೆಮನೆಗಳನ್ನು ಹೊಕ್ಕಿತು. 1904 ಮತ್ತು 1932ರ ಒಲಿಂಪಿಕ್ ಕ್ರೀಡೆಗಳಲ್ಲಿ ಅದರ ಸ್ಪರ್ಧೆಯೂ ನಡೆಯಿತು. ಅತ್ತ ಕಡೆಯಿಂದಲೂ ವಿದ್ಯೆ ಇತ್ತ ಬಂದಿತು. ತೋಳಿಲ್ಲದ ಬನಿಯನ್ನನ್ನು ನಾವು ಸ್ಯಾಂಡೋ ಬನಿಯನ್ ಎನ್ನುತ್ತೇವಷ್ಟೆ. ಆ ಸ್ಯಾಂಡೋ ಎಂಬ ಜರ್ಮನಿ ಮೂಲದ ಜಟ್ಟಿಯು 1904-05ರಲ್ಲಿ ಭಾರತಕ್ಕೂ ಬಂದಿದ್ದನು. ರಬ್ಬರಿನ ಎಳೆಗಳನ್ನು ಜಗ್ಗಿ ಮಾಡುವ ವ್ಯಾಯಾಮದ ಸಾಧನವೊಂದನ್ನು ಮನೆಬಳಕೆಗೆಂದು ಅವನು ಮಾರಾಟ ಮಾಡುತ್ತಿದ್ದನು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃಗಳೂ ಆದ ಕೆ. ವಿ. ಅಯ್ಯರ್ ಅವರು ಸೂರ್ಯನಮಸ್ಕಾರ, ಹಠಯೋಗ, ಬಾರ್‌ಬೆಲ್ ಮೂರನ್ನೂ ಕೂಡಿಸಿದ ಪದ್ಧತಿಯನ್ನು ಅಂಚೆಯ ಮೂಲಕ ಪಾಠ ಕಳುಹಿಸಿ ಕಲಿಸಿದರು. ಮನೆಯ ಮೂಲೆಯಲ್ಲಿ ಮೈ ಬೆಳೆಸುವುದು ಹೊಸತಲ್ಲ. ಎಲ್ಲಿಯ ಒಳ್ಳೆಯದನ್ನಾದರೂ ಅಳವಡಿಸಿಕೊಳ್ಳುವುದೂ ಹೊಸತಲ್ಲ.

ಸ್ಥಾವರ, ಜಂಗಮ

ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದುದು ಶರಣರ ದೊಡ್ಡ ಹೆಜ್ಜೆ. ಗುಡಿಯಲ್ಲಿ ನೆಟ್ಟು ನಿಂತಿದ್ದುದನ್ನು ಅವರು ಅಂಗೈಯ ಮೇಲೆ ತಂದರು. ಉಳ್ಳವರಿಗೆ ಮಾತ್ರ ಸಾಧ್ಯವಿದ್ದುದು ಇಲ್ಲದವರಿಗೂ, ಗಂಡಸರಿಗಷ್ಟೇ ಇದ್ದುದು ಹೆಂಗಸರಿಗೂ ದೊರೆಯಿತು. ಈ ಮಹಾತತ್ತ್ವವನ್ನು ಕಬ್ಬಿಣದ ಸಾಮಾನಿಗೆ ಹೋಲಿಸುವುದು ಅಪಚಾರವೆಂದು ಯಾರೂ ಭಾವಿಸಬಾರದು. ತತ್ತ್ವವು ಬಾಳಿನ ಸಣ್ಣ ಸಂಗತಿಗಳಿಗೂ ಬೆಳಕಾಗದಿದ್ದರೆ ಅದು ಪುಸ್ತಕದಲ್ಲಿಯೇ ಉಳಿಯುತ್ತದೆ.

ಒಂದೇ ಕಡೆ ನಿಂತು, ಒಂದೇ ಅಳತೆಯ ಮೈಗೆ ಹೊಂದಿ, ಒಂದೇ ಬಗೆಯ ಕೆಲಸ ಮಾಡಿಸುವ ಸಾಮಾನು ಸ್ಥಾವರ. ಎತ್ತಿಡಬಹುದಾದ, ಅಜ್ಜಿಗೂ ಮೊಮ್ಮಗನಿಗೂ ಹೊಂದಬಲ್ಲ, ಹಲವು ಬಗೆಯಲ್ಲಿ ಬಳಸಬಹುದಾದ ಸಾಮಾನು ಜಂಗಮ. ಕಿರುಮನೆಗೆ ಜಂಗಮವೇ ತಕ್ಕುದು. ಸಾಮಾನನ್ನು ಉತ್ತಮಪಡಿಸುವುದೆಂದರೆ ಅದನ್ನು ಸ್ಥಾವರದಿಂದ ಜಂಗಮದತ್ತ ತರುವುದು. ನಾನು ಹೇಳಬೇಕೆಂದಿರುವುದು ಇದಿಷ್ಟೇ. ಮುಂದಿನದೆಲ್ಲ ಇದರ ವಿವರಣೆ.

ಐದು ಚಲನೆಗಳು

ಸಾಮಾನಿನ ಹೆಸರಿನಿಂದ ಆರಂಭಿಸಬಾರದು. ಮೈಯ ಚಲನೆಯಿಂದ ಆರಂಭಿಸಬೇಕು. ಕೂತೇಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು, ಈ ಐದರಲ್ಲಿ ನಿತ್ಯದ ಬಾಳೆಲ್ಲ ಅಡಗಿದೆ. ಬಾವಿಯ ನೀರು ಸೇದುವುದು ಎಳೆತ. ಬೀಸುವುದು ತಳ್ಳುವಿಕೆಯೂ ಎಳೆತವೂ. ಕೊಡ ಹೊರುವುದು ಹೊರೆನಡಿಗೆ. ಮನೆಯಲ್ಲಿರುವ ಪ್ರತಿಯೊಂದು ಸಾಮಾನಿನಿಂದ ಇವುಗಳಲ್ಲಿ ಎಷ್ಟನ್ನು ಮಾಡಬಹುದೆಂದು ಬರೆದುಕೊಳ್ಳಿರಿ. ಮೂರಕ್ಕಿಂತ ಹೆಚ್ಚಾದರೆ ಅದು ಉಳಿಯಲಿ. ಒಂದೇ ಆದರೆ ಅದು ತಾನು ನಿಂತ ಜಾಗಕ್ಕೆ ಯೋಗ್ಯವೋ ಎಂದು ಮತ್ತೊಮ್ಮೆ ವಿಚಾರಿಸಿರಿ. ಯಾವ ಸಾಮಾನಿನಿಂದಲೂ ಆಗದೆ ಉಳಿದ ಚಲನೆಯೇ ನೀವು ಮುಂದೆ ಕೊಳ್ಳಬೇಕಾದುದನ್ನು ತಿಳಿಸುತ್ತದೆ.

ಬಹುಮಟ್ಟಿಗೆ ಹೀಗೆ ಉಳಿಯುವುದು ಎಳೆತ. ದಂಡ ಹೊಡೆದರೆ ತಳ್ಳುವಿಕೆಯಾಯಿತು, ಬಸ್ಕಿ ಹೊಡೆದರೆ ಕೂತೇಳುವಿಕೆಯಾಯಿತು. ಎಳೆಯಲು ಮಾತ್ರ ಏನಾದರೊಂದು ಬೇಕೇ ಬೇಕು. ಮೇಜಿನ ಮುಂದೆ ಬಾಗಿ ಕುಳಿತು ದುಡಿಯುವ ಇಂದಿನ ಮಕ್ಕಳ ಬೆನ್ನಿಗೆ ಅತ್ಯಗತ್ಯವಾದುದೂ ಅದೇ.

ಯಾವುದರ ಬದಲು ಯಾವುದು?

*ರಬ್ಬರ್ ಪಟ್ಟಿ:* ರೆಸಿಸ್ಟೆನ್ಸ್ ಬ್ಯಾಂಡ್ ಎಂದು ಅಂಗಡಿಯಲ್ಲಿ ಕೇಳಬೇಕು. ಬೇರೆ ಬೇರೆ ಬಿಗಿಯ ಮೂರು ಪಟ್ಟಿಗಳಿದ್ದರೆ ಒಂದು ಕುಟುಂಬಕ್ಕೆ ಸಾಕು. ಮೂರೂ ಸೇರಿ ಒಂದು ಕೈಚೀಲದಲ್ಲಿ ಅಡಗುತ್ತವೆ. ಕುರ್ಚಿಯಲ್ಲಿ ಕುಳಿತು, ಚಾಚಿದ ಪಾದಕ್ಕೆ ಸುತ್ತಿ ಎಳೆದರೆ ಬೆನ್ನಿಗೆ. ಬೆನ್ನ ಹಿಂದಿನಿಂದ ಸುತ್ತಿ ಮುಂದಕ್ಕೆ ತಳ್ಳಿದರೆ ಎದೆಗೆ. ಕಾಲಡಿ ಮೆಟ್ಟಿ ಎತ್ತಿದರೆ ತೋಳಿಗೆ. ಮಲ್ಟಿಜಿಮ್ಮಿನ ತಂತಿ ಹಗ್ಗವು ಮಾಡಿಸುವ ಕೆಲಸದ ಬಹುಪಾಲನ್ನು ಇದು ಮಾಡಿಸುತ್ತದೆ. ಆದರೆ ರಬ್ಬರು ಬಿಸಿಲಿಗೂ ಧೂಳಿಗೂ ಬಿರುಕು ಬಿಡುತ್ತದೆ. ಸಣ್ಣ ಸೀಳು ಕಂಡರೂ ಎಸೆದುಬಿಡಬೇಕು. ಹರಿದು ಕಣ್ಣಿಗೆ ಬಡಿದರೆ ಅನಾಹುತವಾದೀತು.

*ಬಿಲ್ಲೆ ಬದಲಿಸುವ ಡಂಬೆಲ್:* ತೂಕ ಬದಲಾಗದ ಡಂಬೆಲ್‌ಗಳನ್ನು ಜೊತೆಜೊತೆಯಾಗಿ ಕೊಳ್ಳುತ್ತ ಹೋದರೆ ಕೋಣೆ ತುಂಬುತ್ತದೆ. ಅದರ ಬದಲು ಎರಡು ಗಿಡ್ಡ ಸರಳುಗಳು, 2.5 ಕಿಲೋದ ನಾಲ್ಕು, 1.25 ಕಿಲೋದ ನಾಲ್ಕು ಬಿಲ್ಲೆಗಳು ಇರಲಿ. ಸರಳು ಒಂದೂವರೆ ಕಿಲೋ ಎಂದಿಟ್ಟುಕೊಂಡರೆ, ಒಂದೊಂದು ಕೈಗೆ 1.5, 4, 6.5, 9 ಕಿಲೋಗಳೆಂಬ ನಾಲ್ಕು ತೂಕಗಳು ದೊರೆಯುತ್ತವೆ. ಇದನ್ನೇ ನಾಲ್ಕು ಬೇರೆ ಬೇರೆ ಜೊತೆಗಳಾಗಿ ಕೊಂಡರೆ ಒಟ್ಟು 42 ಕಿಲೋ ಕಬ್ಬಿಣವನ್ನು ಮನೆಗೆ ಹೊರಬೇಕು. ಹೀಗೆ ಮಾಡಿದರೆ 18 ಕಿಲೋದಲ್ಲಿ ಮುಗಿಯುತ್ತದೆ. ಸರಳಿನ ಉದ್ದವು ಸಾಲುವುದಾದರೆ ಎಲ್ಲ ಬಿಲ್ಲೆಗಳನ್ನೂ ಒಂದಕ್ಕೇ ಏರಿಸಿ ಹದಿನಾರೂವರೆ ಕಿಲೋ ಮಾಡಿಕೊಳ್ಳಬಹುದು. ಎರಡೂ ಕೈಗಳಿಂದ ಎದೆಗವಚಿ ಹಿಡಿದು ಬಸ್ಕಿ ಹೊಡೆಯಲು ಹರೆಯದವರಿಗೆ ಅದು ಒಳ್ಳೆಯ ಭಾರ. ಮನೆಯಲ್ಲಿ ಹಳೆಯ ಬಿಲ್ಲೆಗಳಿದ್ದರೆ ಅವುಗಳ ತೂತನ್ನು ಅಳೆದುಕೊಂಡೇ ಸರಳು ಕೊಳ್ಳಿರಿ. ಮನೆಬಳಕೆಯ ಸರಳು ಸುಮಾರು ಒಂದಂಗುಲ ದಪ್ಪ. ಒಲಿಂಪಿಕ್ ಮಾದರಿಯ ಬಿಲ್ಲೆಯ ತೂತು ಎರಡಂಗುಲ. ಒಂದು ಇನ್ನೊಂದಕ್ಕೆ ಕೂಡದು. ತುದಿಯ ತಿರುಪನ್ನು ಪ್ರತಿಸಲವೂ ಬಿಗಿಮಾಡಿ ನೋಡಬೇಕು.

*ಕೆಟಲ್‌ಬೆಲ್:* ಇದು ನಮ್ಮ ಹಿಡಿಕಲ್ಲಿನ ರಷ್ಯಾದ ಬಂಧು. ಅಲ್ಲಿ ಧಾನ್ಯ ತೂಗುವ ತೂಕದ ಗುಂಡುಗಳನ್ನೇ ಎತ್ತಿ ಬಲ ಪರೀಕ್ಷಿಸುತ್ತಿದ್ದರಂತೆ. ಇಂದಿಗೂ ಅದರ 16 ಕಿಲೋ ಅಳತೆಯು ‘ಪೂಡ್’ ಎಂಬ ಹಳೆಯ ರಷ್ಯನ್ ತೂಕದಿಂದ ಬಂದುದು. ಬಗ್ಗಿ ಎತ್ತುವುದಕ್ಕೂ ಹೊತ್ತು ನಡೆಯುವುದಕ್ಕೂ ಒಂದೇ ಗುಂಡು ಸಾಕು, ಒಂದಡಿ ಜಾಗ ಸಾಕು. ಬೀಸಿ ಎತ್ತುವ ವಿಧಾನವನ್ನು ಮಾತ್ರ ಬಲ್ಲವರಿಂದ ಕಲಿಯದೆ ಮಾಡಬಾರದು.

*ಮಡಚುವ ಬೆಂಚು:* ಬೆನ್ನಿನ ಹಲಗೆಯನ್ನು ಏರಿಳಿಸಬಹುದಾದ, ಮಡಚಿ ಮಂಚದಡಿ ತಳ್ಳಬಹುದಾದ ಬೆಂಚು, ಅಲುಗಾಡದ ಬೆಂಚಿನ ಬದಲಿಗೆ ಒಳ್ಳೆಯದು. ಅದು ತಾಳುವ ಭಾರವೆಂದು ಬರೆದಿರುವುದು ನಿಮ್ಮ ತೂಕ, ಕೈಯಲ್ಲಿಯ ತೂಕ ಎರಡೂ ಕೂಡಿದ್ದೆಂಬುದನ್ನು ಮರೆಯಬಾರದು. ಮಲಗಿ ಎತ್ತುವ ಅಭ್ಯಾಸವಿಲ್ಲದವರಿಗೆ ಗಟ್ಟಿಯಾದ ಮರದ ಸ್ಟೂಲೇ ಸಾಕು.

*ಬಾಗಿಲ ಸಲಾಕೆ:* ಜೋತು ಮೈಯನ್ನೆಳೆದುಕೊಳ್ಳಲು ಬಾಗಿಲ ಚೌಕಟ್ಟಿನಲ್ಲಿ ಬಿಗಿಯುವ ಸಲಾಕೆಯು ಜಾಗವನ್ನೇ ಬೇಡದು. ಆದರೆ ಗೆದ್ದಲು ತಿಂದ ಅಥವಾ ಗೋಡೆಯಿಂದ ಸಡಿಲಾದ ಚೌಕಟ್ಟಿಗೆ ಇದನ್ನು ಹಾಕಲೇಬಾರದು. ಕಾಲು ನೆಲದ ಮೇಲಿರುವಂತೆಯೇ ಅರ್ಧಭಾರ ಹಾಕಿ, ಜಾರುವುದಿಲ್ಲವೆಂದು ಕಂಡ ಮೇಲಷ್ಟೇ ಪೂರ್ಣ ಜೋಲಬೇಕು.

*ಮುದ್ಗರ:* ಹೆಗಲಿನ ಕೀಲುಗಳಿಗೆ ಇದರಂತಹ ಸಾಧನ ಇನ್ನೊಂದಿಲ್ಲವೆಂಬುದು ನನ್ನ ಅನುಭವ. ಆದರೆ ಗರಡಿಗೆ ಆಕಾಶವೇ ಚಾವಣಿ. ಫ್ಲ್ಯಾಟಿಗೆ ಸೀಲಿಂಗ್ ಫ್ಯಾನಿದೆ. ಗಿಡ್ಡ ಹಿಡಿಯ ಹಗುರ ಮುದ್ಗರವನ್ನು ಫ್ಯಾನಿನಿಂದ ದೂರವಾಗಿ, ಮಕ್ಕಳು ಕೋಣೆಯಲ್ಲಿಲ್ಲದಾಗ ತಿರುಗಿಸಬೇಕು.

ಇನ್ನು ಟ್ರೆಡ್‌ಮಿಲ್. ಇದರ ಮೂಲಪುರುಷನು 1818ರಲ್ಲಿ ಇಂಗ್ಲೆಂಡಿನ ಸೆರೆಮನೆಯ ಕೈದಿಗಳನ್ನು ದುಡಿಸಲೆಂದು ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರನು ರೂಪಿಸಿದ ತುಳಿಯುವ ಗಾಲಿಯೆಂದರೆ ಓದುಗರಿಗೆ ಅಚ್ಚರಿಯಾಗಬಹುದು. ಒಲ್ಲದ ಮನಸ್ಸಿನಿಂದ ತುಳಿದರೆ ಇಂದಿಗೂ ಅದು ಸೆರೆಯೇ. ಆದರೂ ಹೊರಗೆ ನಡೆಯಲಾಗದವರು ಅದನ್ನು ನಿತ್ಯ ಬಳಸುತ್ತಿದ್ದರೆ ಅವಶ್ಯವಾಗಿ ಇಟ್ಟುಕೊಳ್ಳಲಿ. ಹಿಂಭಾಗದಲ್ಲಿ ಆರಡಿ ತೆರಪಿರಲಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಳಸಿದೊಡನೆ ವಿದ್ಯುತ್ ಸಂಪರ್ಕವನ್ನು ಕಿತ್ತಿಡಲಿ. ಬಟ್ಟೆ ಒಣಗಿಸಲು ಮಾತ್ರ ಹಗ್ಗವೇ ಅಗ್ಗ.

ಒಂದು ಜಮಖಾನೆಯ ಜಾಗ

ಆರಡಿ ಉದ್ದ, ನಾಲ್ಕಡಿ ಅಗಲದ ನೆಲ, ಎಂದರೆ ಒಂದು ಜಮಖಾನೆಯಷ್ಟು ಜಾಗ, ಇದ್ದರೆ ಮೇಲೆ ಹೇಳಿದುದೆಲ್ಲ ಸಾಗುತ್ತದೆ. ಹೊರೆನಡಿಗೆಗೆ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹೋಗಿಬಂದರಾಯಿತು. ತೋಳು ಚಾಚಿ ಸುತ್ತ ತಿರುಗಿದಾಗ ಗೋಡೆ, ಗಾಜು ತಾಗಬಾರದು. ನುಣುಪಾದ ಟೈಲ್ಸ್ ನೆಲದ ಮೇಲೆ ದಪ್ಪ ರಬ್ಬರ್ ಹಾಸು ಇರಲಿ. ಅದು ಕಾಲು ಜಾರದಂತೆಯೂ ಕಾಯುತ್ತದೆ, ಕೆಳಗಿನ ಮನೆಯವರ ನಿದ್ರೆಯನ್ನೂ ಕಾಯುತ್ತದೆ. ಭಾರದ ಸಾಮಾನನ್ನು ಅಟ್ಟಕ್ಕೇರಿಸಬಾರದು. ಮಂಚದಡಿಯ ಗಟ್ಟಿ ಪೆಟ್ಟಿಗೆಯಲ್ಲಿ, ಭಾರವಾದುದು ಕೆಳಗೆ ಬರುವಂತೆ, ಇಡಬೇಕು. ತೆಗೆಯಲು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಸೋಮಾರಿತನಕ್ಕೆ ನೆಪ ಸಿಕ್ಕಂತಾಯಿತು.

ಸ್ನಾನ, ಲಿಂಗಪೂಜೆಗಳಿಗೆ ಮುಂಚಿನ ಇಪ್ಪತ್ತೈದು ನಿಮಿಷ ಇದಕ್ಕೆ ಪ್ರಶಸ್ತ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನದ ವಿಶ್ರಾಂತಿ. ಎಂಟರಿಂದ ಹನ್ನೆರಡು ಸಲ ಮಾಡುವಾಗ ಕಡೆಯ ಎರಡು ಮೂರು ಕಷ್ಟವೆನಿಸಬೇಕು. ಅದೇ ತಕ್ಕ ಭಾರ. ಹನ್ನೆರಡೂ ಸಲೀಸಾದರೆ ಚಿಕ್ಕ ಬಿಲ್ಲೆಯೊಂದನ್ನು ಏರಿಸುವುದು. ಉಸಿರು ಕಟ್ಟಿ ಎತ್ತಬಾರದು. ರಕ್ತದೊತ್ತಡವು ಥಟ್ಟನೆ ಏರುತ್ತದೆ. ಹೃದ್ರೋಗ, ಅಧಿಕ ರಕ್ತದೊತ್ತಡ, ಹರ್ನಿಯಾ ಇರುವವರೂ ಶಸ್ತ್ರಚಿಕಿತ್ಸೆಯಾದವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ಮನೆಯ ಹಿರಿಯರ ಕಾಲಿನ ಬಲವನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂಡಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಐದು ಸಲ ಎದ್ದು ಕೂಡಲು ಹೇಳಿರಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಹದಿನೈದು ಸೆಕೆಂಡುಗಳಿಗಿಂತ ಹೆಚ್ಚು ಹಿಡಿದರೆ ಬಲ ಕುಂದಿದೆಯೆಂದು ವೈದ್ಯರು ಎಣಿಸುತ್ತಾರೆ. ಆ ಮನೆಯಲ್ಲಿ ಸಾಮಾನು ಕೊಳ್ಳುವ ಮುನ್ನ ಮೊದಲು ನೆನೆಯಬೇಕಾದವರು ಅವರೇ.

ಬೇಕಾದಷ್ಟು, ಉಳಿದುದು ದಾಸೋಹಕ್ಕೆ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿಯು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತಿದೆ. ಅಂಗಡಿಯ ಬಾಗಿಲಲ್ಲಿ ನಿಂತಾಗ ಆ ತಾಯಿಯನ್ನು ನೆನೆದರೆ ಮನೆಯೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಈ ಕಥೆಯನ್ನೇ ಅಂದು ರಾತ್ರಿ ಅಳಿಯನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅವ್ವನಿಂದ ಶುರು ಮಾಡೂಣು ಮಾವಾ” ಎಂದನು. ಮಲ್ಟಿಜಿಮ್ಮಿನ ತಂತಿ ಹಗ್ಗವು ಒಂದೆಡೆ ಎಳೆ ಬಿಟ್ಟಿತ್ತು. ಅದನ್ನು ಬದಲಾಯಿಸಿಯೇ ಒಂದು ವಿದ್ಯಾರ್ಥಿನಿಲಯಕ್ಕೆ ಅದನ್ನು ಕೊಟ್ಟರು. ಮುರಿದುದನ್ನು ಕೊಡುವುದು ದಾಸೋಹವಲ್ಲ, ಕಸ ಸಾಗಿಸುವುದು. ಅಲ್ಲಿ ವಿಶಾಲವಾದ ಕೋಣೆಯಿದೆ, ಬಳಸುವ ಹುಡುಗರಿದ್ದಾರೆ. ಅಲ್ಲಿ ಅದು ಸ್ಥಾವರವಾದರೂ ಸಾರ್ಥಕ. ಟ್ರೆಡ್‌ಮಿಲ್ಲನ್ನು ಮಾರಿದ ಹಣದಲ್ಲಿ ಬಿಲ್ಲೆಗಳೂ, ಸರಳುಗಳೂ, ಮೂರು ಪಟ್ಟಿಗಳೂ, ಒಂದು ಹಾಸೂ ಬಂದು ಇನ್ನಷ್ಟು ಉಳಿಯಿತು.

ಅಕ್ಕನು ವೈದ್ಯರ ಒಪ್ಪಿಗೆ ಪಡೆದು ಕುರ್ಚಿಯಿಂದ ಏಳುವುದರಿಂದ ಆರಂಭಿಸಿದಳು. ಆರು ವಾರಗಳ ನಂತರ ಗಿಡ್ಡ ಸ್ಟೂಲು. ಆಮೇಲೆ ಒಂದರ ಮೇಲೊಂದು ಇಟ್ಟ ಮಣೆಗಳು, ತಿಂಗಳಿಗೊಂದು ಕಡಿಮೆ. ಕುಳಿತಲ್ಲಿಯೇ ಪಟ್ಟಿಯನ್ನೆಳೆಯುವುದನ್ನು ಮೊಮ್ಮಗಳು ಹೇಳಿಕೊಟ್ಟಳು. ಮೊಣಕಾಲಿನ ನೋವು ಪೂರ್ಣ ಹೋಗಿದೆಯೆಂದು ನಾನು ಹೇಳಲಾರೆ; ಚಳಿಗಾಲದಲ್ಲಿ ಈಗಲೂ ಬಾಧಿಸುತ್ತದೆ.

ಈ ವರ್ಷದ ಶ್ರಾವಣದಲ್ಲಿ ಮತ್ತೆ ಆ ಮನೆಗೆ ಹೋಗಿದ್ದೆ. ಬೆಳಗಿನಲ್ಲಿ ಕೋಣೆಯ ಕಡೆಯಿಂದ ವಿಭೂತಿಯ ವಾಸನೆ ಬಂದಿತು. ಟ್ರೆಡ್‌ಮಿಲ್ ನಿಂತಿದ್ದ ಕಿಟಕಿಯ ಮಗ್ಗುಲಲ್ಲಿ, ಒಂದೇ ಮಣೆಯ ಮೇಲೆ, ಅಕ್ಕ ಕುಳಿತಿದ್ದಳು. ಪೂಜೆ ಮುಗಿದ ಮೇಲೆ ಮೇಲೇಳಲು ಒಂದು ಕೈಯನ್ನು ನೆಲಕ್ಕೂರಿದಳು. ನಾನು ಹಿಡಿಯಲು ಮುಂದೆ ಬಂದೆ.

“ಬ್ಯಾಡ ತಮ್ಮಾ, ಸರಿ ಅತ್ತಾಗ” ಎಂದು, ತಾನೇ ಎದ್ದು ನಿಂತಳು.